ಎಳೆದು ಬಿಟ್ಟ ಫೈಲನ್ನು ಹಿಡಿಯುವ ವಿಂಡೋ: ಪೈಥಾನ್‌ನಲ್ಲಿ ಡ್ರ್ಯಾಗ್-ಅಂಡ್-ಡ್ರಾಪ್, ಹೆಜ್ಜೆ ಹೆಜ್ಜೆಯಾಗಿ

ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಲಗ್ನದ ಸೀಜನ್ ಬಂತೆಂದರೆ ಡಿಟಿಪಿ ಆಪರೇಟರಿಗೆ ಅರ್ಧ ದಿನ ಫೈಲ್ ಹೊಂದಿಸುವುದರಲ್ಲೇ ಹೋಗುತ್ತದೆ. ಒಬ್ಬ ಗಿರಾಕಿ ಪೆನ್ ಡ್ರೈವ್ ತರುತ್ತಾನೆ, ಇನ್ನೊಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸಿರುತ್ತಾನೆ. ಕೆಲಸದ ನಂಬರಿಗೊಂದು ಫೋಲ್ಡರ್ ಮಾಡಬೇಕು, ಕಾಪಿ-ಪೇಸ್ಟ್ ಮಾಡಬೇಕು. ಹೆಸರು ಕೂಡಿಬಂದರೆ ವಿಂಡೋಸ್ ಕೇಳುವ ಪ್ರಶ್ನೆಗೆ ಅವಸರದಲ್ಲಿ ಏನೋ ಒಂದು ಒತ್ತಬೇಕು. "ಫೈಲ್ ಎಳದು ಇದರಾಗ ಒಗದರ ಸಾಕು, ತಾನ ಹೋಗಿ ಕುಂದರಬೇಕು ನೋಡ್ರಿ" ಅಂತ ಕೇಳುವುದು ಇಂಥ ಜಾಗದಲ್ಲೇ. ಅಂಥದ್ದೊಂದು ಸಣ್ಣ ಪ್ರೋಗ್ರಾಂ ಇಲ್ಲಿ ಕಟ್ಟೋಣ. ಒಂದು ವಿಂಡೋ, ಅದರಲ್ಲಿ ಕೆಲಸದ ನಂಬರ್ ಬರೆಯುವ ಒಂದು ಪೆಟ್ಟಿಗೆ, ಫೈಲ್ ಬಿಡಲು ಅಗಲವಾದ ಜಾಗ, ಕೆಳಗೆ ಏನೇನಾಯಿತೆಂಬ ಪಟ್ಟಿ. ಹುಬ್ಬಳ್ಳಿಯ ಫೋಟೊ ಸ್ಟುಡಿಯೋಕ್ಕಾಗಲಿ ಹಾವೇರಿಯ ಝೆರಾಕ್ಸ್ ಅಂಗಡಿಗಾಗಲಿ ಇದೇ ಚೌಕಟ್ಟು ಸಾಕು.

ಕೋಡಿಗೆ ಕೈ ಹಾಕುವ ಮೊದಲು ಒಂದು ಮಾತು ತಲೆಯಲ್ಲಿರಲಿ, ಮುಂದಿನ ಎಲ್ಲ ಎಚ್ಚರಿಕೆಗಳೂ ಅದರಿಂದಲೇ ಹುಟ್ಟುತ್ತವೆ. ವಿಂಡೋ ಮೇಲೆ ಫೈಲ್ ಎಳೆದು ಬಿಟ್ಟಾಗ ನಿಮ್ಮ ಪ್ರೋಗ್ರಾಂಗೆ ಫೈಲ್ ಬರುವುದಿಲ್ಲ. ಮನೆಯ ವಿಳಾಸ ಬರೆದ ಚೀಟಿಯಂತೆ ಅದರ ಪಾತ್ ಮಾತ್ರ ಬರುತ್ತದೆ. ಆ ವಿಳಾಸದಲ್ಲಿ ಫೈಲ್ ಇದೆಯೋ, ಫೋಲ್ಡರ್ ಇದೆಯೋ, ನೀವು ಹೋಗುವಷ್ಟರಲ್ಲಿ ಅದು ಖಾಲಿಯಾಗಿದೆಯೋ ಎಂದು ನೋಡುವುದು ನಿಮ್ಮ ಹೊಣೆ. ಬಿಟ್ಟದ್ದನ್ನು ಹಿಡಿಯುವ ಕೋಡ್ ನಾಲ್ಕೇ ಸಾಲು. ಉಳಿದ ಶ್ರಮವೆಲ್ಲ ಹಿಡಿದ ಮೇಲಿನದು.

ಬರವಣಿಗೆಯ ಬಗ್ಗೆ ಒಂದು ಸೂಚನೆ. ಲೈಬ್ರರಿಯ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಎಡಿಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಆದರೆ ನಾವೇ ಇಡುವ ಫಂಕ್ಷನ್ ಹೆಸರುಗಳು ಹಾಗಲ್ಲ. ಪೈಥಾನ್ 3ರಲ್ಲಿ ಹೆಸರುಗಳು ಯೂನಿಕೋಡ್ ಆಗಿರಬಹುದು, ಹಾಗಾಗಿ ಸ್ವೀಕರಿಸು, ನಕಲಿಸು ಎಂದು ಕನ್ನಡದಲ್ಲೇ ಇಟ್ಟರೂ ಪ್ರೋಗ್ರಾಂ ಓಡುತ್ತದೆ. ಒಂದೇ ಷರತ್ತು: ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕೀಬೋರ್ಡ್ ಸೇರಿಸುವ ಕಾಣದ ಅಕ್ಷರ, ಅಂದರೆ ಝೀರೋ ವಿಡ್ತ್ ನಾನ್ ಜಾಯ್ನರ್, ಹೆಸರಿನೊಳಗೆ ಬರಕೂಡದು. 'ಫೈಲ್‌ಗಳು' ಎಂದು ಹೆಸರಿಟ್ಟರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. 'ಪಟ್ಟಿ' ಎಂದಿಡಿ, ತಕರಾರಿಲ್ಲ.

ಸಾಮಾನು ಹೊಂದಿಸಿಕೊಳ್ಳುವುದು

ಪೈಥಾನ್ ಜೊತೆಗೇ ಬರುವ ವಿಂಡೋ ಲೈಬ್ರರಿ ಟಿಕಿಂಟರ್. ಬಟನ್, ಪೆಟ್ಟಿಗೆ, ಪಟ್ಟಿ ಎಲ್ಲ ಅದರಲ್ಲಿವೆ. ಹೊರಗಿನ ಪ್ರೋಗ್ರಾಂನಿಂದ, ಎಂದರೆ ಫೈಲ್ ಎಕ್ಸ್‌ಪ್ಲೋರರಿನಿಂದ, ಎಳೆದ ಫೈಲನ್ನು ಹಿಡಿಯುವ ಶಕ್ತಿ ಮಾತ್ರ ಅದಕ್ಕಿಲ್ಲ. ಆ ಕೆಲಸಕ್ಕೆ ಟಿಕೆಡಿಎನ್‌ಡಿ ಎಂಬ ಸೇರ್ಪಡೆ ಇದೆ, ಪೈಥಾನಿನಿಂದ ಅದನ್ನು ಬಳಸಲು ಟಿಕಿಂಟರ್‌ಡಿಎನ್‌ಡಿ2 ಎಂಬ ಪ್ಯಾಕೇಜ್ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪಿಪ್ ಇನ್‌ಸ್ಟಾಲ್ ಎಂದು ಬರೆದು ಈ ಹೆಸರು ಕೊಟ್ಟರೆ ಬಂದುಬಿಡುತ್ತದೆ. ಉಬುಂಟು ಬಳಸುವವರು ಮೊದಲು ಪೈಥಾನ್3-ಟಿಕೆ ಪ್ಯಾಕೇಜನ್ನು ಆಪ್ಟ್ ಮೂಲಕ ಹಾಕಿಕೊಂಡು, ವೆನ್ವ್ ಎಂಬ ಪ್ರತ್ಯೇಕ ಪರಿಸರ ಮಾಡಿ, ಅದರೊಳಗೆ ಪಿಪ್ ನಡೆಸಬೇಕು.

ಹಿಡಿಯುವ ನಾಲ್ಕು ಸಾಲು

ಮೊದಲ ಸಾಲು, ಇಂಪೋರ್ಟ್. ಟಿಕಿಂಟರ್‌ಡಿಎನ್‌ಡಿ2 ಪ್ಯಾಕೇಜಿನಿಂದ ಮೂರು ಹೆಸರು ತೆಗೆದುಕೊಳ್ಳಿ: ಟಿಕಿಂಟರ್‌ಡಿಎನ್‌ಡಿ, ಡಿಎನ್‌ಡಿ ಅಂಡರ್‌ಸ್ಕೋರ್ ಫೈಲ್ಸ್, ಮತ್ತು ಕಾಪಿ. ಮೊದಲನೆಯದರಲ್ಲಿ ಟಿ ಮತ್ತು ಎರಡೂ ಡಿ ದೊಡ್ಡಕ್ಷರ, ಉಳಿದವು ಸಣ್ಣವು. ಇನ್ನೆರಡು ಪೂರ್ತಿ ದೊಡ್ಡಕ್ಷರ.

ಎರಡನೆಯದು, ಮುಖ್ಯ ವಿಂಡೋ. ಮಾಮೂಲಿಯಾಗಿ ಟಿಕಿಂಟರಿನ ಟಿಕೆ ಕರೆದು ವಿಂಡೋ ಮಾಡುತ್ತೇವೆ. ಇಲ್ಲಿ ಟಿಕಿಂಟರ್‌ಡಿಎನ್‌ಡಿಯ ಟಿಕೆಯನ್ನು ಕರೆಯಬೇಕು. ಇದನ್ನು ಬದಲಿಸದೆ ಹಳೆಯದನ್ನೇ ಬಿಟ್ಟರೆ ಮುಂದಿನ ಸಾಲಿನಲ್ಲಿ "ಇಂಥ ಆಜ್ಞೆ ಇಲ್ಲ" ಎಂಬ ಅರ್ಥದ ಎರರ್ ಬರುತ್ತದೆ, ಟಿಕಿಂಟರಿನ ಅಡಿಯಲ್ಲಿರುವ ಟಿಸಿಎಲ್ ಎಂಬ ಭಾಷೆಯದು.

ಮೂರನೆಯದು, ಬಿಡುವ ಜಾಗವನ್ನು ನೋಂದಾಯಿಸುವುದು. ಒಂದು ದೊಡ್ಡ ಲೇಬಲ್ ಮಾಡಿ, "ಫೈಲ್ ಇಲ್ಲಿ ಬಿಡಿ" ಎಂದು ಬರೆದು, ಅದರ ಮೇಲೆ ಡ್ರಾಪ್ ಟಾರ್ಗೆಟ್ ರಿಜಿಸ್ಟರ್ ಕರೆಯಿರಿ, ಆವರಣದಲ್ಲಿ ಡಿಎನ್‌ಡಿ ಫೈಲ್ಸ್ ಕೊಡಿ. ಲೇಬಲ್ಲಿನ ಬದಲು ಇಡೀ ವಿಂಡೋವನ್ನೇ ನೋಂದಾಯಿಸುವುದು ನನಗೆ ಮೇಲು ಅನಿಸುತ್ತದೆ. ಅವಸರದ ಕೈ ಗೆರೆ ಎಳೆದ ಚೌಕದೊಳಗೇ ಬಿಡುತ್ತದೆಂಬ ಖಾತ್ರಿ ಇಲ್ಲ.

ನಾಲ್ಕನೆಯದು, ಘಟನೆಗೆ ಫಂಕ್ಷನ್ ಜೋಡಿಸುವುದು. ಡಿಎನ್‌ಡಿ ಬೈಂಡ್ ಕರೆದು, ಡ್ರಾಪ್ ಎಂಬ ಘಟನೆಯ ಹೆಸರನ್ನು ಎರಡೆರಡು ಕೋನ ಚಿಹ್ನೆಗಳ ನಡುವೆ ಬರೆದು, ಜೊತೆಗೆ ನಮ್ಮ 'ಬಿಟ್ಟಾಗ' ಫಂಕ್ಷನ್ ಕೊಡಿ. ಡ್ರಾಪ್‌ಎಂಟರ್, ಡ್ರಾಪ್‌ಲೀವ್ ಎಂಬ ಇನ್ನೆರಡು ಘಟನೆಗಳಿವೆ. ಫೈಲ್ ಹಿಡಿದ ಮೌಸ್ ಒಳಗೆ ಬಂದಾಗ ಲೇಬಲ್ಲಿನ ಬಣ್ಣ ಬದಲಿಸಿ, ಹೊರಗೆ ಹೋದಾಗ ಹಿಂದಿನ ಬಣ್ಣಕ್ಕೆ ತರಲು ಅವು ಸಾಕು. ಬಣ್ಣ ಬದಲಾದರೆ ಆಪರೇಟರಿಗೆ "ಇಲ್ಲಿ ಬಿಡಬಹುದು" ಎಂದು ಹೇಳುವುದೇ ಬೇಕಿಲ್ಲ.

ಬಂದ ಪಟ್ಟಿಯನ್ನು ಬಿಡಿಸುವುದು

ಬಿಟ್ಟಾಗ ಫಂಕ್ಷನ್ನಿಗೆ ಇವೆಂಟ್ ಎಂಬ ವಸ್ತು ಬರುತ್ತದೆ, ಅದರ ಡೇಟಾ ಎಂಬ ಭಾಗದಲ್ಲಿ ಪಾತ್‌ಗಳಿರುತ್ತವೆ. ಹಲವರು ಎಡವುವುದು ಇಲ್ಲೇ. ಅದು ಪೈಥಾನ್ ಲಿಸ್ಟ್ ಅಲ್ಲ, ಒಂದೇ ಉದ್ದನೆಯ ಸ್ಟ್ರಿಂಗ್. ಎರಡು ಫೈಲ್ ಬಿಟ್ಟರೆ ನಡುವೆ ಒಂದು ಸ್ಪೇಸ್. ಹಾಗಾದರೆ ಸ್ಪ್ಲಿಟ್ ಮಾಡಿದರಾಯಿತು ಅನಿಸುತ್ತದೆ. ಪರೀಕ್ಷೆಗೆ ಒಂದೇ ಪದದ ಹೆಸರಿನ ಫೈಲ್ ಬಿಟ್ಟರೆ ಅದು ಸರಿಯಾಗಿಯೇ ಓಡುತ್ತದೆ. ಆದರೆ ಪ್ರೆಸ್ಸಿನಲ್ಲಿ ಫೈಲ್ ಹೆಸರು "ಲಗ್ನ ಪತ್ರಿಕೆ ಹೊಸಾದು ಫೈನಲ್ 2" ಎಂದಿರುತ್ತದೆ. ಸ್ಪ್ಲಿಟ್ ಅದನ್ನು ಐದು ತುಂಡು ಮಾಡುತ್ತದೆ, ಐದೂ "ಫೈಲ್ ಇಲ್ಲ" ಎನ್ನುತ್ತವೆ.

ಸ್ಪೇಸ್ ಇರುವ ಪಾತನ್ನು ಟಿಕೆ, ಎಂದರೆ ಟಿಕಿಂಟರಿನ ಒಳಗಿನ ಮೂಲ ಲೈಬ್ರರಿ, ಹೂ ಆವರಣದೊಳಗೆ ಇಟ್ಟು ಕೊಡುತ್ತದೆ. ಆ ಆವರಣ ನೋಡಿ ನೀವೇ ಕತ್ತರಿಸುವ ಕೋಡ್ ಬರೆಯಲು ಹೋಗಬೇಡಿ. ಫೈಲ್ ಹೆಸರಿನೊಳಗೇ ಜೋಡಿ ತಪ್ಪಿದ ಹೂ ಆವರಣವಿದ್ದರೆ ಟಿಕೆ ಬ್ಯಾಕ್‌ಸ್ಲ್ಯಾಶ್ ಹಾಕಿ ಬೇರೆ ರೀತಿ ಬರೆಯುತ್ತದೆ, ನಿಮ್ಮ ಕೋಡ್ ಅಲ್ಲಿ ಕುಸಿಯುತ್ತದೆ. ಇದು ಟಿಸಿಎಲ್ ಭಾಷೆಯ ಪಟ್ಟಿಯ ರೂಪ. ಅದನ್ನು ಬಿಡಿಸುವ ಸಾಧನವನ್ನೂ ಟಿಕೆಯೇ ಇಟ್ಟಿದೆ: ಮುಖ್ಯ ವಿಂಡೋದ ಟಿಕೆ ಭಾಗದಲ್ಲಿರುವ ಸ್ಪ್ಲಿಟ್‌ಲಿಸ್ಟ್. ಇವೆಂಟಿನ ಡೇಟಾವನ್ನು ಅದಕ್ಕೆ ಕೊಟ್ಟರೆ ಒಂದೊಂದೇ ಪಾತ್ ಬೇರೆ ಬೇರೆಯಾಗಿ ಕೈಗೆ ಬರುತ್ತದೆ. ಪ್ರತಿಯೊಂದನ್ನೂ ಪಾತ್‌ಲಿಬ್‌ನ ಪಾತ್ ವಸ್ತುವಾಗಿ ಮಾಡಿಕೊಂಡರೆ ಪಾತಿನ ನಡುವಿನ ಸ್ಲ್ಯಾಶ್ ಗೆರೆ ಯಾವ ಕಡೆ ಬಾಗಿದೆ ಎಂಬ ಚಿಂತೆಯೂ ಹೋಗುತ್ತದೆ.

ಈ ಫಂಕ್ಷನ್ನಿನ ಕೊನೆಯ ಸಾಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಹೆಚ್ಚಿನ ಮಾದರಿ ಕೋಡುಗಳು ಇವೆಂಟಿನ ಆಕ್ಷನ್ ಏನಿದೆಯೋ ಅದನ್ನೇ ರಿಟರ್ನ್ ಮಾಡುತ್ತವೆ. ಆಪರೇಟರ್ ಶಿಫ್ಟ್ ಒತ್ತಿಕೊಂಡು ಎಳೆದಿದ್ದರೆ ಆ ಆಕ್ಷನ್ 'ಮೂವ್' ಆಗಿರುತ್ತದೆ. ಮೂವ್ ಎಂದು ನೀವು ಒಪ್ಪಿಕೊಂಡರೆ "ನಾನು ಸಾಗಿಸಿಕೊಂಡೆ, ನಿನ್ನದನ್ನು ಅಳಿಸು" ಎಂದು ಎಳೆದ ಕಡೆಯ ಪ್ರೋಗ್ರಾಂಗೆ ಹೇಳಿದ ಹಾಗೆ. ನಮ್ಮ ನಕಲು ಇನ್ನೂ ಶುರುವೇ ಆಗಿರದ ಹೊತ್ತಿಗೆ ಗಿರಾಕಿಯ ಪೆನ್ ಡ್ರೈವಿನಿಂದ ಮೂಲ ಫೈಲ್ ಹೋಗಿಬಿಟ್ಟರೆ ಉತ್ತರ ಕೊಡುವವರು ಯಾರು? ಇಂಪೋರ್ಟ್ ಮಾಡಿಟ್ಟುಕೊಂಡ ಕಾಪಿಯನ್ನೇ ಯಾವಾಗಲೂ ರಿಟರ್ನ್ ಮಾಡಿ.

ಮೂರು ಬಾಗಿಲು, ಒಂದೇ ಪಡಸಾಲೆ

ಬಿಟ್ಟಾಗ ಫಂಕ್ಷನ್ ಪಟ್ಟಿ ಬಿಡಿಸಿ ಸ್ವೀಕರಿಸು ಎಂಬ ಇನ್ನೊಂದು ಫಂಕ್ಷನ್ನಿಗೆ ಒಪ್ಪಿಸಬೇಕು, ಅಷ್ಟೇ. ನಿಜವಾದ ಕೆಲಸ ಅಲ್ಲಿ. ಯಾಕೆ ಬೇರೆ ಎಂದರೆ, ಫೈಲ್ ಬರುವ ದಾರಿ ಒಂದೇ ಅಲ್ಲ. ಟಚ್‌ಪ್ಯಾಡ್‌ನಲ್ಲಿ ಎಳೆಯಲು ಕಷ್ಟಪಡುವವರಿಗೆ "ಫೈಲ್ ಆರಿಸಿ" ಬಟನ್ ಇರಲಿ. ಫೈಲ್‌ಡೈಲಾಗಿನ ಆಸ್ಕ್ ಓಪನ್ ಫೈಲ್‌ನೇಮ್ಸ್ ಒಮ್ಮೆಗೆ ಹಲವು ಪಾತ್ ಕೊಡುತ್ತದೆ, ಅದೂ ಸ್ವೀಕರಿಸುವಿಗೇ ಹೋಗಲಿ. ಮೂರನೆಯದು, ಪ್ರೋಗ್ರಾಂ ತೆರೆಯದೆಯೇ ಅದರ ಐಕಾನ್ ಮೇಲೆ ಫೈಲ್ ಬಿಡುವುದು. ಆಗ ವಿಂಡೋಸ್ ಪ್ರೋಗ್ರಾಂ ಅನ್ನು ಶುರು ಮಾಡಿ ಪಾತ್‌ಗಳನ್ನು ಕಮಾಂಡ್ ಲೈನಿನಲ್ಲಿ ಕೊಡುತ್ತದೆ. ಪೈಥಾನಿನ ಸಿಸ್ ಆರ್ಗ್‌ವಿಯಲ್ಲಿ ಮೊದಲನೆಯದನ್ನು ಬಿಟ್ಟು ಉಳಿದವೆಲ್ಲ ಅವೇ. ಈ ಬಾಗಿಲು ಸಣ್ಣದು: ವಿಂಡೋಸಿನಲ್ಲಿ ಕಮಾಂಡ್ ಲೈನಿನ ಗರಿಷ್ಠ ಉದ್ದ 32,767 ಅಕ್ಷರ. ಲಗ್ನದ ಅಲ್ಬಮ್ಮಿನ ಸಾವಿರ ಫೋಟೊ ಐಕಾನ್ ಮೇಲೆ ಒಮ್ಮೆಲೇ ಸುರಿದರೆ ಹಿಡಿಸುವುದಿಲ್ಲ, ವಿಂಡೋ ಮೇಲೇ ಬಿಡಬೇಕು.

ಸ್ವೀಕರಿಸು ಮೊದಲು ಕೆಲಸದ ನಂಬರ್ ಬರೆದಿದೆಯೇ ನೋಡಲಿ. ಇಲ್ಲದಿದ್ದರೆ ಪೆಟ್ಟಿಗೆಯನ್ನು ಕೆಂಪಾಗಿಸಿ ಅಲ್ಲೇ ನಿಲ್ಲಲಿ. ನಂತರ ಒಂದೊಂದು ಪಾತನ್ನೂ ಪರೀಕ್ಷಿಸಲಿ. ಫೋಲ್ಡರ್ ಆಗಿದ್ದರೆ ಆರ್‌ಗ್ಲಾಬ್ ಬಳಸಿ ಒಳಗಿನ ಫೈಲ್‌ಗಳನ್ನೆಲ್ಲ ಹೆಕ್ಕಬೇಕು, ಥಂಬ್ಸ್ ಡಿಬಿ, ಡೆಸ್ಕ್‌ಟಾಪ್ ಐಎನ್ಐ ಎಂಬ ಕಸವನ್ನು ಬಿಡಬೇಕು. ಯಾರಾದರೂ ಇಡೀ ಡಿ ಡ್ರೈವನ್ನೇ ಎಳೆದು ಬಿಟ್ಟರೆ? ಎಣಿಕೆ ಐನೂರು ದಾಟಿದರೆ ಒಮ್ಮೆ ಕೇಳಿ ಮುಂದುವರಿಯುವುದು ಒಳ್ಳೆಯದು. ಕೆಲಸದ ಫೋಲ್ಡರುಗಳಿರುವ ತಾಯಿ ಫೋಲ್ಡರನ್ನೇ ತಂದು ಬಿಟ್ಟರೆ ನಕಲು ತನ್ನೊಳಗೆ ತಾನೇ ಬೆಳೆಯುತ್ತ ಹೋಗುತ್ತದೆ. ಗುರಿಯ ಪಾತ್ ಬಿಟ್ಟ ಪಾತಿನ ಒಳಗಿದೆಯೇ ಎಂದು ಇಸ್ ರಿಲೇಟಿವ್ ಟು ಮೂಲಕ ನೋಡಿ ನಿರಾಕರಿಸಿ. ಪೈಥಾನ್ 3.9ರಿಂದ ಅದು ಲಭ್ಯ.

ಶಾರ್ಟ್‌ಕಟ್ ಫೈಲ್ ಇನ್ನೊಂದು ಬಲೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಎಳೆದರೆ ಬರುವುದು ಎಲ್‌ಎನ್‌ಕೆ ಎಂಬ ಪುಟ್ಟ ಫೈಲಿನ ಪಾತ್. ಅದರ ನಕಲು ಸುಗಮವಾಗಿ ಆಗುತ್ತದೆ. ಪೆನ್ ಡ್ರೈವ್ ಕಿತ್ತುಕೊಂಡು ಗಿರಾಕಿ ಊರಿಗೆ ಹೋದ ಮೇಲೆ, ಪ್ಲೇಟ್ ಮಾಡುವಾಗ, ಒಳಗೆ ಏನೂ ಇಲ್ಲವೆಂದು ಗೊತ್ತಾಗುತ್ತದೆ. ಈ ಎಕ್ಸ್‌ಟೆನ್ಷನ್ ಕಂಡರೆ ಆಗಲೇ "ಇದು ಶಾರ್ಟ್‌ಕಟ್, ಅಸಲಿ ಫೈಲ್ ಬಿಡಿ" ಎಂದು ಪಟ್ಟಿಯಲ್ಲಿ ತೋರಿಸಿ. ಎಕ್ಸ್‌ಟೆನ್ಷನ್ ಹೋಲಿಸುವಾಗ ಮೊದಲು ಸಣ್ಣಕ್ಷರಕ್ಕೆ ತಿರುಗಿಸಿ. ಕ್ಯಾಮೆರಾಗಳು ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆಯುವುದು ಸಾಮಾನ್ಯ.

ನಕಲು: ಎಲ್ಲಿ, ಯಾವಾಗ, ಯಾವ ಹೆಸರಲ್ಲಿ

ಬಿಟ್ಟಾಗ ಫಂಕ್ಷನ್ನಿನೊಳಗೇ ನಕಲು ಮಾಡಲು ಕುಳಿತುಕೊಳ್ಳಬಾರದು. ನೀವು ರಿಟರ್ನ್ ಮಾಡುವವರೆಗೆ ಎಳೆದ ಕಡೆಯ ಪ್ರೋಗ್ರಾಂ ಕಾಯುತ್ತದೆ. ಎರಡು ಜಿಬಿ ವಿಡಿಯೋ ನಕಲಾಗುವಷ್ಟು ಹೊತ್ತು ನಿಮ್ಮ ವಿಂಡೋ ಜೊತೆ ಎಕ್ಸ್‌ಪ್ಲೋರರ್ ಕೂಡ ಕಲ್ಲಾಗಿ ನಿಲ್ಲುತ್ತದೆ, ಕಂಪ್ಯೂಟರೇ ಕೆಟ್ಟಿತೆಂದು ಜನ ಸ್ವಿಚ್ ಆಫ್ ಮಾಡುತ್ತಾರೆ. ಹಾಗಾಗಿ ಸ್ವೀಕರಿಸು ಪಾತ್‌ಗಳನ್ನು ಒಂದು ಕ್ಯೂಗೆ, ಎಂದರೆ ಸರದಿ ಸಾಲಿಗೆ, ಹಾಕಿ ತಕ್ಷಣ ವಾಪಸಾಗಲಿ. ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಒಂದು ಕೆಲಸದ ಎಳೆ, ಎಂದರೆ ಥ್ರೆಡ್, ಆ ಕ್ಯೂನಿಂದ ಒಂದೊಂದೇ ತೆಗೆದು ನಕಲಿಸು ಫಂಕ್ಷನ್ ನಡೆಸಲಿ. ದೊಡ್ಡ ಫೋಲ್ಡರಿನ ಆರ್‌ಗ್ಲಾಬ್ ಹುಡುಕಾಟವನ್ನೂ ಆ ಥ್ರೆಡ್ಡಿಗೇ ಕೊಡುವುದು ಲೇಸು.

ಆ ಥ್ರೆಡ್ ಟಿಕಿಂಟರಿನ ಪಟ್ಟಿಯನ್ನು ಮುಟ್ಟಬಾರದು. ವಿಂಡೋದ ಭಾಗಗಳನ್ನು ಮುಟ್ಟುವ ಅಧಿಕಾರ ಮುಖ್ಯ ಥ್ರೆಡ್ಡಿಗೆ ಮಾತ್ರ ಎಂದು ಇಟ್ಟುಕೊಳ್ಳಿ. ಫಲಿತಾಂಶವನ್ನು ಎರಡನೆಯ ಕ್ಯೂಗೆ ಹಾಕಲಿ. ಮುಖ್ಯ ವಿಂಡೋದ ಆಫ್ಟರ್ ಕರೆದು ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಓಡುವ 'ನೋಡುತ್ತಿರು' ಫಂಕ್ಷನ್ ಆ ಕ್ಯೂ ನೋಡಿ ಪಟ್ಟಿಗೆ ಸಾಲು ಸೇರಿಸಲಿ.

ನಕಲಿಗೆ ಶಟಿಲ್ ಮಾಡ್ಯೂಲಿನ ಕಾಪಿ2 ಸಾಕು, ಅದು ಫೈಲಿನ ಬದಲಾವಣೆಯ ಸಮಯವನ್ನೂ ಉಳಿಸಿಕೊಳ್ಳುತ್ತದೆ. ಆದರೆ ಗುರಿಯಲ್ಲಿ ಅದೇ ಹೆಸರಿನ ಫೈಲಿದ್ದರೆ ಚಕಾರವೆತ್ತದೆ ಅದರ ಮೇಲೆ ಬರೆದುಬಿಡುತ್ತದೆ. ಹೆಸರು ಹೇಗೆ ಕೂಡೀತು ಅನ್ನಬೇಡಿ. ಆಂಡ್ರಾಯ್ಡ್ ವಾಟ್ಸಾಪ್ ಚಿತ್ರಕ್ಕೆ ಐಎಂಜಿ, ಆ ದಿನದ ತಾರೀಖು, ಡಬ್ಲ್ಯುಎ, ನಾಲ್ಕಂಕಿಯ ಕ್ರಮಸಂಖ್ಯೆ ಎಂದು ಹೆಸರಿಡುತ್ತದೆ. ವರನ ಕಡೆಯವರ ಫೋನಿನಲ್ಲಿ ಆ ದಿನದ ಮೂರನೆಯ ಚಿತ್ರ, ವಧುವಿನ ಕಡೆಯವರ ಫೋನಿನಲ್ಲಿ ಆ ದಿನದ ಮೂರನೆಯ ಚಿತ್ರ, ಎರಡರ ಹೆಸರೂ ಒಂದೇ ಆಗಬಹುದು. ಒಂದೇ ಕೆಲಸದ ಫೋಲ್ಡರಿಗೆ ಎರಡೂ ಬಂದಾಗ ಒಂದು ಮಾಯ. ನಕಲಿಸು ಮೊದಲು ಗುರಿಯಲ್ಲಿ ಹೆಸರಿದೆಯೇ ನೋಡಲಿ. ಇದ್ದರೆ ಫೈಲ್‌ಸಿಎಂಪಿ ಮಾಡ್ಯೂಲಿನ ಸಿಎಂಪಿಯಿಂದ, ಶ್ಯಾಲೋ ಎಂಬುದಕ್ಕೆ ಫಾಲ್ಸ್ ಕೊಟ್ಟು, ಒಳಗಿನದನ್ನೇ ಹೋಲಿಸಲಿ. ಒಂದೇ ಆಗಿದ್ದರೆ "ಈಗಾಗಲೇ ಇದೆ" ಎಂದು ಬಿಡಲಿ, ಬೇರೆಯಾಗಿದ್ದರೆ ಹೆಸರಿನ ಕೊನೆಗೆ 2, 3 ಎಂದು ಸೇರಿಸಲಿ.

ಅರ್ಧ ನಕಲಾಗಿರುವಾಗ ಕರೆಂಟ್ ಹೋದರೆ ಪೂರ್ತಿ ಹೆಸರಿನ ಅರ್ಧ ಫೈಲ್ ಉಳಿಯುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಮೊದಲು ಹೆಸರಿನ ಮುಂದೆ ಪಾರ್ಟ್ ಎಂದು ಸೇರಿಸಿದ ತಾತ್ಕಾಲಿಕ ಹೆಸರಿಗೆ ನಕಲಿಸಿ, ಗಾತ್ರ ಹೊಂದಿದ ಮೇಲೆ ಓಎಸ್ ರೀಪ್ಲೇಸ್ ಮೂಲಕ ಅಸಲಿ ಹೆಸರು ಕೊಡಿ. ವಿಂಡೋ ಮುಚ್ಚುವಾಗ ಕ್ಯೂ ಖಾಲಿಯಿಲ್ಲದಿದ್ದರೆ ಕೇಳುವ ವ್ಯವಸ್ಥೆಯೂ ಇರಲಿ.

ಕೆಲವು ಸಂಕುಚನ ಪ್ರೋಗ್ರಾಂಗಳು, ಜಿಪ್ ತೆರೆಯುವಂಥವು, ತಮ್ಮೊಳಗಿನ ಫೈಲನ್ನು ಎಳೆದಾಗ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿ ಆ ಪಾತ್ ಕೊಟ್ಟು, ಬಿಟ್ಟ ಕೂಡಲೇ ಅಳಿಸಿಬಿಡುತ್ತವೆ. ನಮ್ಮ ಥ್ರೆಡ್ ಹೋಗಿ ನೋಡುವಾಗ ಏನೂ ಇರುವುದಿಲ್ಲ. ಅದಕ್ಕೆ ಪ್ರತಿ ನಕಲನ್ನೂ ಟ್ರೈ-ಎಕ್ಸೆಪ್ಟ್ ಒಳಗಿಟ್ಟು, ಓಎಸ್ಎರರ್ ಬಂದರೆ ಆ ಸಾಲನ್ನು ಕೆಂಪಾಗಿ ತೋರಿಸಿ ಮುಂದಿನ ಫೈಲಿಗೆ ಹೋಗಿ. ಒಂದು ಫೈಲ್ ಸಿಗಲಿಲ್ಲವೆಂದು ಉಳಿದ ಇನ್ನೂರು ನಿಲ್ಲಬಾರದು.

ಕನ್ನಡ ಹೆಸರಿನ ಫೈಲ್‌ಗಳ ಕಥೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ ಭಾಗ ಇದು. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. 'ಕೊ'ದ ಚಿಹ್ನೆ ಒಂದೇ ಸಂಕೇತವಾಗಿಯೂ ಇದೆ, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. 'ಕೋ'ಗೆ ಮೂರು ತುಂಡು. ಕಣ್ಣಿಗೆ ಎರಡೂ ಒಂದೇ, ಪೈಥಾನಿಗೆ ಬೇರೆ. ಮ್ಯಾಕ್‌ನಿಂದ ಬಂದ ಫೈಲುಗಳಲ್ಲಿ ಬಿಡಿಸಿದ ರೂಪ ಇರುವುದುಂಟು. ಆಗ "ಕೊಪ್ಪಳ" ಎಂಬ ಹೆಸರಿನ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಗುರಿಯ ಹೆಸರನ್ನು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ, ಎಂದರೆ ಕೂಡಿಸಿದ ರೂಪ, ಎಂದು ಕೊಟ್ಟು ಸರಿಪಡಿಸಿ. ಮೂಲ ಪಾತನ್ನು ಮಾತ್ರ ಬಂದ ಹಾಗೆಯೇ ಬಳಸಿ, ತಿದ್ದಿದರೆ ಫೈಲ್ ಸಿಗುವುದಿಲ್ಲ.

ಉದ್ದದ ಮಿತಿಯೂ ಕನ್ನಡಕ್ಕೆ ಬೇಗ ತಟ್ಟುತ್ತದೆ. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಆಗುವುದರಿಂದ 85 ಸಂಕೇತಕ್ಕೆ ಜಾಗ ಮುಗಿಯುತ್ತದೆ, ಒತ್ತು ಮತ್ತು ಗುಣಿತ ಎಲ್ಲ ಸೇರಿ. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಸಂಕೇತ ಸಿಗುತ್ತದೆ, ಆದರೆ ಹಳೆಯ ನಿಯಮದಂತೆ ಪೂರ್ತಿ ಪಾತ್ 260 ಮೀರಬಾರದು. ಕೆಲಸದ ಫೋಲ್ಡರನ್ನು ಡ್ರೈವಿನ ಮೇಲ್ಮಟ್ಟದಲ್ಲೇ ಇಡಿ.

ಏನೇನು ನಕಲಾಯಿತೆಂದು ಸಿಎಸ್‌ವಿ ಫೈಲಿಗೆ ಬರೆಯುವವರು ಓಪನ್ ಕರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಡಬೇಕು. ಕೊಡದಿದ್ದರೆ ಹೆಚ್ಚಿನ ವಿಂಡೋಸ್ ಗಣಕಗಳಲ್ಲಿ ಮೊದಲ ಕನ್ನಡ ಅಕ್ಷರಕ್ಕೇ ಯೂನಿಕೋಡ್ ಎನ್‌ಕೋಡ್ ಎರರ್. ಸಿಗ್ ಎಂಬ ಬಾಲ ಇರುವುದು ಎಕ್ಸೆಲ್ ಕನ್ನಡವನ್ನು ಸರಿಯಾಗಿ ಓದಲೆಂದು. ಹಳೆಯ ನುಡಿ ಫಾಂಟಿನ ಕಾಲದ ಕೆಲವು ಫೈಲ್ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ, ಅವನ್ನು ಇದ್ದ ಹಾಗೇ ಬಿಡಿ.

ಪುಸ್ತಕದ ಪುಟಗಳಾದರೆ ಕ್ರಮ ಮುಖ್ಯ. ಹತ್ತು ಫೈಲ್ ಆರಿಸಿ ಎಳೆದಾಗ ಅವು ಪರದೆಯ ಮೇಲಿನ ಕ್ರಮದಲ್ಲೇ ಬರುತ್ತವೆಂದು ನಂಬಬೇಡಿ, ಮೌಸ್ ಹಿಡಿದ ಫೈಲ್ ಮೊದಲು ಬರುವುದುಂಟು. ಬರೀ ಹೆಸರಿನ ಮೇಲೆ ಸಾರ್ಟ್ ಮಾಡಿದರೆ "ಪುಟ 10" ಎಂಬುದು "ಪುಟ 2"ಕ್ಕಿಂತ ಮೊದಲು ನಿಲ್ಲುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಿಂದ ಅಂಕಿಗಳನ್ನು ಬೇರ್ಪಡಿಸಿ ಇಂಟ್‌ಗೆ ಕೊಟ್ಟು ಸಾರ್ಟ್ ಮಾಡಿ. ಇಲ್ಲೊಂದು ಖುಷಿಯ ಸಂಗತಿ: ಪೈಥಾನಿನ ಇಂಟ್ ಕನ್ನಡ ಅಂಕಿಯನ್ನೂ ಓದುತ್ತದೆ. ೧೨ ಎಂದು ಕೊಟ್ಟರೆ 12 ಎಂದೇ ತಿಳಿಯುತ್ತದೆ.

ಬಿಟ್ಟರೂ ಏನೂ ಆಗದಿದ್ದರೆ

ಮೌಸಿನಲ್ಲಿ ಅಡ್ಡಗೆರೆಯ ವೃತ್ತ ಕಂಡು ಫೈಲ್ ಬೀಳುವುದೇ ಇಲ್ಲವೆಂದರೆ ಮೊದಲು ನೋಡಬೇಕಾದದ್ದು, ಪ್ರೋಗ್ರಾಂ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಆಗಿದೆಯೇ ಎಂದು. ವಿಂಡೋಸ್ ವಿಸ್ತಾದಿಂದ ಈಚೆಗೆ ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ್ದಕ್ಕೆ ಸಂದೇಶ ಕಳಿಸದಂತೆ ತಡೆಯಿದೆ. ಎಕ್ಸ್‌ಪ್ಲೋರರ್ ಸಾಮಾನ್ಯ ಅಧಿಕಾರದಲ್ಲಿ, ನಿಮ್ಮದು ಅಡ್ಮಿನ್ ಅಧಿಕಾರದಲ್ಲಿದ್ದರೆ ಡ್ರಾಪ್ ಬರುವುದಿಲ್ಲ. ಫೈಲ್ ನಕಲಿಗೆ ಅಡ್ಮಿನ್ ಬೇಕಿಲ್ಲ, ಹಾಗೆ ಓಡಿಸುವುದನ್ನೇ ಬಿಡಿ. ಕೋಡ್ ಎಡಿಟರನ್ನು ಅಡ್ಮಿನ್ ಆಗಿ ತೆರೆದು ಅಲ್ಲಿಂದ ಪ್ರೋಗ್ರಾಂ ಓಡಿಸಿದರೂ ಇದೇ ಪಾಡು.

ಕೇಬಲ್ಲಿನಲ್ಲಿ ಜೋಡಿಸಿದ ಫೋನಿನ ಫೋಲ್ಡರಿನಿಂದ ಎಳೆದದ್ದು ಬರದಿದ್ದರೆ ಅದು ನಿಮ್ಮ ಕೋಡಿನ ತಪ್ಪಲ್ಲ. ಎಂಟಿಪಿ ಎಂಬ ಈ ಜೋಡಣೆಯ ಮೂಲಕ ಕಾಣುವ ಫೈಲಿಗೆ ಡ್ರೈವ್ ಅಕ್ಷರವಿರುವ ಪಾತೇ ಇಲ್ಲ. ಮೊದಲು ಡೆಸ್ಕ್‌ಟಾಪಿಗೆ ತಂದು ಅಲ್ಲಿಂದ ಎಳೆಯಬೇಕು. ಬ್ರೌಸರಿನ ಪುಟದ ಚಿತ್ರಕ್ಕೂ ಇದೇ ಮಾತು, ಸೇವ್ ಮಾಡಿ ಎಳೆಯಿರಿ.

ಪೈಥಾನ್ ಬಿಟ್ಟು ಸಿ ಭಾಷೆಯಲ್ಲಿ ಬರೆಯುವವರಿಗೆ 1992ರ ವಿಂಡೋಸ್ 3.1ರಿಂದ ಬಂದ ಹಳೆಯ ದಾರಿ ಇಂದಿಗೂ ಇದೆ. ವಿಂಡೋ ಹುಟ್ಟಿದ ಮೇಲೆ ಡ್ರ್ಯಾಗ್ ಆಕ್ಸೆಪ್ಟ್ ಫೈಲ್ಸ್ ಕರೆದರೆ ಡಬ್ಲ್ಯುಎಂ ಡ್ರಾಪ್‌ಫೈಲ್ಸ್ ಸಂದೇಶ ಬರುತ್ತದೆ. ಡ್ರ್ಯಾಗ್ ಕ್ವೆರಿ ಫೈಲ್ ಎಷ್ಟು ಫೈಲ್, ಯಾವ ಪಾತ್ ಎಂದು ಹೇಳುತ್ತದೆ. ಕೊನೆಗೆ ಡ್ರ್ಯಾಗ್ ಫಿನಿಶ್ ಕರೆದು ಮೆಮೊರಿ ಬಿಡಿಸಬೇಕು. ಕ್ವೆರಿಯ ಹೆಸರು ಡಬ್ಲ್ಯು ಅಕ್ಷರದಲ್ಲಿ ಮುಗಿಯುವ ರೂಪವನ್ನೇ ಬಳಸಿ. ಎ ರೂಪದಲ್ಲಿ ಸಾಮಾನ್ಯವಾಗಿ ಕನ್ನಡ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಅಂಗಡಿಯ ಕಂಪ್ಯೂಟರಿಗೆ ಒಯ್ಯುವುದು

ಪೈಥಾನ್ ಇಲ್ಲದ ಗಣಕಕ್ಕೆ ಒಯ್ಯಲು ಪೈಇನ್‌ಸ್ಟಾಲರ್ ಬಳಸಿ ಇಎಕ್ಸ್‌ಇ ಮಾಡಬಹುದು. ಬರೀ ಫೈಲ್ ಹೆಸರು ಕೊಟ್ಟು ಕಟ್ಟಿದರೆ ಟಿಕೆಡಿಎನ್‌ಡಿಯ ಅಂಗಭಾಗಗಳು ಜೊತೆಗೆ ಬರದೆ, ನಿಮ್ಮಲ್ಲಿ ಓಡಿದ್ದು ಅಲ್ಲಿ ತೆರೆಯುವಾಗಲೇ ಬಿದ್ದೀತು. ಕಲೆಕ್ಟ್-ಆಲ್ ಎಂಬ ಆಯ್ಕೆಗೆ ಟಿಕಿಂಟರ್‌ಡಿಎನ್‌ಡಿ2 ಎಂದು ಕೊಡಿ, ಕಪ್ಪು ಕನ್ಸೋಲ್ ಬರದಂತೆ ವಿಂಡೋಡ್ ಆಯ್ಕೆಯನ್ನೂ ಸೇರಿಸಿ. ಒಂದೇ ಫೈಲ್ ಮಾಡುವ ಒನ್‌ಫೈಲ್ ನೋಡಲು ಚಂದ, ಆದರೆ ಪ್ರತಿ ಸಲ ತೆರೆದಾಗಲೂ ತನ್ನನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಗಣಕದಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಎರಡು-ಮೂರು ಸಲ ಡಬಲ್ ಕ್ಲಿಕ್ ಮಾಡಿ ಮೂರು ವಿಂಡೋ ತೆರೆಸಿಕೊಳ್ಳುತ್ತಾರೆ. ಒನ್‌ಡಿರ್ ಮಾಡಿ ಫೋಲ್ಡರನ್ನೇ ಒಯ್ದಿಟ್ಟು, ಇಎಕ್ಸ್‌ಇಯ ಶಾರ್ಟ್‌ಕಟ್ಟನ್ನು ಡೆಸ್ಕ್‌ಟಾಪಿಗೆ ಹಾಕಿ. ಆ ಶಾರ್ಟ್‌ಕಟ್ಟಿನ ಮೇಲೆ ಫೈಲ್ ಬಿಟ್ಟರೂ ಪಾತ್‌ಗಳು ಸಿಸ್ ಆರ್ಗ್‌ವಿಗೇ ಬರುತ್ತವೆ.